ಬಂದರಿನ ಮಳೆಗೆ ಕಂಬಳಿ ಕೊಪ್ಪೆ

ಗುಮ್ಮಘಟ್ಟದ ಆಚೆ, ಷೇರ್ ಆಟೊ ಇಳಿಸಿಹೋಗುವ ತಿರುವಿನಿಂದ ಸ್ವಲ್ಪ ಒಳಗಿರುವ ಹಟ್ಟಿಯಲ್ಲಿ ಆ ಹೆಂಗಸು ನನ್ನನ್ನು ಮೊದಲು ಕೇಳಿದ ಪ್ರಶ್ನೆ ಪರಿಹಾರದ ಬಗ್ಗೆ ಆಗಿರಲಿಲ್ಲ. ಅವಳ ಗಂಡ ಬೇವಿನ ನೆರಳಿನಲ್ಲಿ ಮಂಚದ ಮೇಲೆ ಕೂತಿದ್ದ. ಅವನ ಎಡಗಾಲು ಮೊಣಕಾಲಿನ ಮೇಲಕ್ಕೇ ಮುಗಿದಿತ್ತು. ಪೂರ್ವ ಕರಾವಳಿಯ ಒಂದು ದೊಡ್ಡ ಬಂದರಿನಲ್ಲಿ, ಕಲ್ಲು ಎತ್ತುವ ಗಾಡಿ ಹಿಂದಕ್ಕೆ ಬರುವಾಗ ಅದರ ಚಕ್ರ ಅವನ ಕಾಲಿನ ಮೇಲೆ ಹತ್ತಿತ್ತು. ಕೂಲಿಗಾಗಿ ಊರು ಬಿಟ್ಟುಹೋಗುವವರ ಹಕ್ಕುಗಳಿಗಾಗಿ ಕೆಲಸ ಮಾಡುವ ನಮ್ಮ ಚಿಕ್ಕ ಸಂಘಕ್ಕೆ ಸುದ್ದಿ ಬಂದಿತ್ತು. ರಾಯದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಬಾಡಿಗೆ ಕೋಣೆ. ಅಲ್ಲಿಂದ ಹೊರಟು, ಏನೇನು ಕೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ.

ನೀರು ಕೊಟ್ಟವಳು ಚೊಂಬನ್ನು ಕೆಳಗಿಡದೆ ಹಾಗೆಯೇ ನಿಂತಳು.

"ಅಕ್ಕಾರ, ನೀವು ಓದಿದೋರು. ಕಂಬಳಿಯಿಂದಾನ ಹಿಂಗಾತು ಅಂತ ಅಲ್ಲಿ ಅಂದ್ರಂತ. ಕಂಬಳಿದು ತಪ್ಪು ಐತೇನ್ರಿ?"

"ಶುರು ಮಾಡಿದ್ಲು ನೋಡ್ರಿ," ಎಂದ ಗಂಡ. "ಕಾಲು ನಂದು ಹೋತು. ಈಕಿ ಕಂಬಳಿಗೆ ಅಳ್ತಾಳ."

ಅವನು ನಗುತ್ತಿದ್ದ. ಅವಳು ನಗಲಿಲ್ಲ.

ಆ ಕಂಬಳಿಯ ಉಣ್ಣೆ ಅವರದೇ ಕುರಿಗಳದ್ದು. ನೂತವಳು ಅವಳು. ನೇಯುವ ಮೊದಲು ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರೆ. ಅದನ್ನು ಬೇಯಿಸಿ, ಸೋಸಿ, ಹಚ್ಚಿದವಳೂ ಅವಳೇ. ಗಂಡ ಸಮುದ್ರದ ಊರಿಗೆ ಹೋಗುತ್ತಾನೆ, ಅಲ್ಲಿನ ಮಳೆ ನಮ್ಮ ಮಳೆಯಂತಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿ, ಗಂಜಿಯನ್ನು ಈ ಸಲ ಮಂದವಾಗಿ ಹಚ್ಚಿದ್ದಳು. ಕಂಬಳಿ ತಗಡಿನಂತೆ ಬಿಗಿಯಾಗಿ ಬಂದಿತ್ತು. ಹನಿ ಬಿದ್ದರೆ ಒಳಗಿಳಿಯದೆ ಜಾರುತ್ತಿತ್ತು. ಅದೇ ಬಿಗಿ ಈಗ ಅವಳ ಎದೆಯ ಮೇಲೆ ಕೂತಿತ್ತು.

"ಗಂಜಿ ಜಾಸ್ತಿ ಆತ್ರಿ. ಮೆತ್ತಗಿದ್ರ ಗಾಡಿ ಸಪ್ಪಳ ಕಿವಿಗೆ ಕೇಳ್ತಿತ್ತು," ಎಂದಳು.

ತಪ್ಪು ಕಂಬಳಿಯದಲ್ಲ, ಅದನ್ನು ಬಂದರಿನವರ ಬಾಯಿಂದಲೇ ಹೇಳಿಸುತ್ತೇನೆ ಎಂದು ನಾನು ಅಂದೆ. ಮಾತು ಕೊಡುವಾಗ ಅದು ನನಗೆ ಕಷ್ಟದ ಕೆಲಸವೆಂದು ಅನಿಸಿರಲಿಲ್ಲ.

ನಾನು ಮಡಕಶಿರಾದವಳು. ನಮ್ಮ ಕಡೆಯ ಗುಡ್ಡಗಳಿಂದ ಕಡಿದ ಕಲ್ಲಿನ ದಿಮ್ಮಿಗಳು ಟ್ರೇಲರುಗಳ ಮೇಲೆ ನಮ್ಮ ಶಾಲೆಯ ಮುಂದೆಯೇ ಹೋಗುತ್ತಿದ್ದವು. ಏನನ್ನಾದರೂ ಯಾಕೆ ಎಂದು ಕೇಳುವುದೇ ಮೊದಲ ಪಾಠವಾಗಿದ್ದ ಶಾಲೆ ಅದು. ಈ ಕಲ್ಲು ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳಿದಾಗ ಮೇಷ್ಟ್ರು ಭೂಪಟ ಬಿಡಿಸಿ, ಒಣಗಿದ ನಮ್ಮ ಮೂಲೆಯಿಂದ ಸಮುದ್ರದ ಅಂಚಿನವರೆಗೆ ಬೆರಳೆಳೆದು ತೋರಿಸಿದ್ದರು. ದೊಡ್ಡವಳಾದ ಮೇಲೆ ಆ ಬೆರಳಿನ ದಾರಿಯಲ್ಲಿಯೇ ಮನುಷ್ಯರೂ ಹೋಗುತ್ತಿರುವುದನ್ನು ಕಂಡೆ. ಕಲ್ಲಿಗೆ ಬಣ್ಣದಲ್ಲಿ ನಂಬರು ಬರೆದಿರುತ್ತಾರೆ, ಮೂಲೆ ಒಡೆಯದಂತೆ ಕೆಳಗೆ ಮರ ಕೊಟ್ಟಿರುತ್ತಾರೆ, ದಾರಿಯಲ್ಲಿ ಏನಾದರೂ ಆದರೆ ವಿಮೆ ಇರುತ್ತದೆ. ಮನುಷ್ಯರು ಮೇಸ್ತ್ರಿಯೊಬ್ಬನ ಮಾತಿನ ಮೇಲೆ ರಾತ್ರಿ ಬಸ್ಸು ಹತ್ತುತ್ತಾರೆ.

ಈ ಮನುಷ್ಯ ಹೋದದ್ದೂ ಹಾಗೆಯೇ. ಕುರಿ ಮೇಯುತ್ತಿದ್ದ ಬೀಳಿನ ಸುತ್ತ ಸೌರ ಫಲಕದವರ ತಂತಿಬೇಲಿ ಬಂತು. ಊರಿನವರನ್ನು ಕೂರಿಸಿ ಒಂದು ಮಾತು ಕೇಳದೆ ಹಾಕಿದ ಬೇಲಿ ಅದು. ಮೇವು ಹುಡುಕಿ ವೇದಾವತಿಯ ದಂಡೆಗುಂಟ, ಭೈರವಾನಿತಿಪ್ಪದ ಡ್ಯಾಮಿನ ಹಿನ್ನೀರಿನವರೆಗೂ ಹೋಗಿ ಬಂದು ಸಾಕಾಗಿ, ಅರ್ಧ ಹಿಂಡನ್ನು ಮಾರಿ, ಉಳಿದದ್ದನ್ನು ಹೆಂಡತಿಗೂ ಅವಳ ತಮ್ಮನಿಗೂ ಬಿಟ್ಟು ಅವನು ಬಂದರಿಗೆ ಹೊರಟ. ಹಟ್ಟಿಯ ಇನ್ನೂ ಕೆಲವರು ಜೊತೆಗಿದ್ದರು. ಹಡಗಿಗೆ ಕಾದು ನಿಂತ ಕಲ್ಲಿನ ದಿಮ್ಮಿಗಳ ಅಂಗಳದಲ್ಲಿ ಅವರಿಗೆ ಕೆಲಸ. ಗಾಡಿ ಕಲ್ಲನ್ನು ಇಳಿಸುವ ಮೊದಲು ನೆಲದ ಮೇಲೆ ಮರದ ತುಂಡುಗಳನ್ನು ಜೋಡಿಸಬೇಕು, ಎತ್ತಿದ ಮೇಲೆ ಅವನ್ನು ಆಯ್ದು ಬೇರೆಡೆ ಇಡಬೇಕು. ಕೆಲಸ ಕಷ್ಟವೇನಲ್ಲ, ಕಲ್ಲುಗಳು ನಮ್ಮ ಕಡೆಯವೇ, ನೋಡಿದರೆ ಗುರುತು ಸಿಗುತ್ತಿತ್ತು ಎಂದು ಅವನು ನನಗೆ ಹೇಳಿದ್ದಾನೆ.

ನಾನು ಆ ಅಂಗಳವನ್ನು ಆಮೇಲೆ ಕಣ್ಣಾರೆ ಕಂಡೆ. ಹಡಗುಗಳು ತಂಗುವ ಕಟ್ಟೆಯಿಂದ ಹಿಡಿದು ರೈಲು ಹಳಿಗಳವರೆಗೆ ಕಲ್ಲು, ಅದಿರು, ಕಲ್ಲಿದ್ದಲು, ಕಬ್ಬಿಣದ ಪೆಟ್ಟಿಗೆಗಳು. ಎಲ್ಲಕ್ಕೂ ಗುರುತಿನ ಜಾಗವಿದೆ. ನೆಲದ ಮೇಲೆ ಹಳದಿ ಗೆರೆ ಎಳೆದು, ಯಾವ ಗಾಡಿ ಯಾವ ಕಡೆಯಿಂದ ಬರಬೇಕು, ಎಲ್ಲಿ ತಿರುಗಬೇಕು ಎಂದು ಬರೆದಿದ್ದಾರೆ. ಕಾಲ್ನಡಿಗೆಯವರಿಗೆ ಗೆರೆಯಿಲ್ಲ. ಅಂಗಳದಿಂದ ಕ್ಯಾಂಟೀನಿಗೆ ಹೋಗುವವರು ಗಾಡಿಗಳ ದಾರಿಯಲ್ಲಿಯೇ ಹೋಗಬೇಕು. ಮಳೆ ಬಂದರೆ ನಿಲ್ಲಲು ಒಂದು ತಗಡಿನ ಚಪ್ಪರವಿಲ್ಲ. ಕೂಲಿಯವರು ಕಾಂಟ್ರಾಕ್ಟರನ ಕಡೆಯವರು, ಜಾಗ ಬಂದರಿನದು, ಕಲ್ಲು ರಫ್ತು ಮಾಡುವವರದು, ಗಾಡಿ ಇನ್ನೊಬ್ಬರ ಬಾಡಿಗೆಯದು. ಹೀಗೆ ಹಂಚಿಹೋದ ಜಾಗದಲ್ಲಿ ಚಪ್ಪರ ಹಾಕಬೇಕಾದವರು ಯಾರು ಎಂದು ನಾನು ಕೇಳಿದೆ. ಪ್ರತಿಯೊಬ್ಬರೂ ಪಕ್ಕದವರ ಕಡೆ ಕೈ ತೋರಿಸಿದರು. ಕೂಲಿಯವರಿಗೆ ಮಿಂಚುಪಟ್ಟಿಯ ಜಾಕೆಟ್ಟು, ಹೆಲ್ಮೆಟ್ಟು ಕೊಟ್ಟಿದ್ದರು. ರೇನ್‌ಕೋಟು ಮಂಜೂರಾಗಿತ್ತಂತೆ, ಬಂದಿರಲಿಲ್ಲ.

ಬಂದಿಲ್ಲವೆಂದು ನಮ್ಮವರು ಗೋಳಾಡಲೂ ಇಲ್ಲ. ಹೆಗಲ ಮೇಲೆ ಕಂಬಳಿ ಇತ್ತು.

ನಮ್ಮ ಕಡೆಯ ಕುರಿ ಕಾಯುವವರು ಮಳೆಗೆ ಓಡುವುದಿಲ್ಲ. ಬಯಲಿನಲ್ಲಿ ಓಡಿ ಸೇರುವ ಜಾಗವೇ ಇರುವುದಿಲ್ಲ. ಕಂಬಳಿಯನ್ನು ಮಡಿಸಿ, ಒಂದು ಮೂಲೆಯನ್ನು ಒಳಕ್ಕೆ ತೂರಿಸಿ, ನೆತ್ತಿಯ ಮೇಲೆ ಚೂಪಾಗಿ ನಿಲ್ಲುವ ಕೊಪ್ಪೆ ಮಾಡಿಕೊಂಡು ಹಾಕಿಕೊಳ್ಳುತ್ತಾರೆ. ಕುರಿಗಳು ಮಳೆಗಾಳಿಗೆ ಬೆನ್ನು ಕೊಟ್ಟು, ತಲೆ ತಗ್ಗಿಸಿ, ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಕಾಯುವವನೂ ಅದೇ ದಿಕ್ಕಿಗೆ ಬೆನ್ನು ಹಾಕಿ ಕೋಲಿನ ಮೇಲೆ ಭಾರ ಬಿಟ್ಟು ನಿಲ್ಲುತ್ತಾನೆ. ಅಲುಗಾಡಿದರೆ ಕುರಿ ಬೆದರುತ್ತವೆ, ಅದಕ್ಕೆ ಅಲುಗಾಡುವುದಿಲ್ಲ. ಇದನ್ನು ಯಾರೂ ಅವರಿಗೆ ಕಲಿಸಿಲ್ಲ. ಬಂದರಿಗೆ ಬಂದಾಗ ಮರೆಯಿರಿ ಎಂದೂ ಯಾರೂ ಹೇಳಲಿಲ್ಲ.

ಸಮುದ್ರದಲ್ಲಿ ಚಂಡಮಾರುತವೆದ್ದಿದ್ದ ಒಂದು ಮಧ್ಯಾಹ್ನ ಮಳೆ ಬಂತು. ಹಗಲೇ ಕತ್ತಲಾಯಿತು. ಎತ್ತರದ ಕಂಬಗಳ ದೀಪಗಳು ಗಡಿಯಾರಕ್ಕೆ ಕಟ್ಟುಬಿದ್ದಿದ್ದವು. ಸಂಜೆಯ ಹೊತ್ತಾಗದೆ ಹತ್ತುವುದಿಲ್ಲ. ಅವನು ಮರದ ತುಂಡು ಜೋಡಿಸಿಟ್ಟು, ಕೊಪ್ಪೆ ಹಾಕಿ, ಸಮುದ್ರದ ಗಾಳಿಗೆ ಬೆನ್ನು ಕೊಟ್ಟು ನಿಂತ. ಗಾಡಿ ಅದೇ ಗಾಳಿಯ ಕಡೆಯಿಂದ ಹಿಂದಕ್ಕೆ ಬಂತು. ಅದನ್ನು ಓಡಿಸುತ್ತಿದ್ದವನು ಬಹಳ ದೂರದ ರಾಜ್ಯದಿಂದ ಬಂದ, ಇವನಷ್ಟೇ ಬಡವನಾದ ಕೂಲಿ. ಟಾರ್ಪಾಲು ಮುಚ್ಚಿದ ಮರದ ರಾಶಿ ಅಂದುಕೊಂಡೆ ಎಂದು ಅವನು ಹೇಳಿಕೆ ಕೊಟ್ಟ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಪರಿಹಾರದ ಅರ್ಜಿ ಬೇರೆಯೇ ನಡೆಯುತ್ತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೆಯಬೇಕಾದದ್ದು ಬಂದರಿನವರು ನಡೆಸಿದ ವಿಚಾರಣೆಯ ದಿನದ ಬಗ್ಗೆ.

ಗಂಡ ಬರುವ ಸ್ಥಿತಿಯಲ್ಲಿರಲಿಲ್ಲ. ಹೆಂಡತಿ ನನ್ನ ಜೊತೆ ಬಂದಳು. ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಮಾರನೆಯ ಬೆಳಿಗ್ಗೆ ಬಂದರಿನ ಗೇಟಿನ ಮುಂದೆ ಇಳಿದೆವು. ಅವಳು ಸಮುದ್ರ ನೋಡಿರಲಿಲ್ಲ. ಗೋಡೆ, ಪೆಟ್ಟಿಗೆಗಳ ರಾಶಿ, ಕ್ರೇನುಗಳ ನಡುವೆ ಅಲ್ಲಿಯೂ ಕಾಣಲಿಲ್ಲ.

"ಎಲ್ಲೈತ್ರಿ ಸಮುದ್ರ?" ಎಂದು ಕೇಳಿದಳು.

"ಅದರ ಹಿಂದಿದೆ," ಎಂದೆ.

"ಇರ್ಲಿ ಬಿಡ್ರಿ. ಅದೇನು ನಮ್ಮನ್ನ ಕಾಯ್ತೈತೇನು."

ಸುರಕ್ಷತಾ ಅಧಿಕಾರಿಯ ಕೋಣೆ ತಣ್ಣಗಿತ್ತು. ಅವರು ಸಭ್ಯರು. ಅವಳಿಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಕಾಂಟ್ರಾಕ್ಟರನ ಮ್ಯಾನೇಜರು ಪಕ್ಕದಲ್ಲಿದ್ದ. ನಾನು ನಮ್ಮ ಮನವಿಯನ್ನು ಒಂದೊಂದಾಗಿ ಓದಿದೆ. ರೇನ್‌ಕೋಟು ಕೊಡದಿದ್ದದ್ದು. ಚಪ್ಪರ ಇಲ್ಲದ್ದು. ನಡೆಯುವವರಿಗೆ ದಾರಿ ಇಲ್ಲದ್ದು. ಕತ್ತಲಾದರೂ ದೀಪ ಹಾಕದ್ದು. ಹಿಂದಕ್ಕೆ ಬರುವ ಗಾಡಿಗೆ ದಾರಿ ತೋರಿಸಲು ಒಬ್ಬ ಆಳನ್ನು ನಿಲ್ಲಿಸದ್ದು. ಅಧಿಕಾರಿ ಪ್ರತಿಯೊಂದಕ್ಕೂ ತಲೆಯಾಡಿಸಿದರು, ಬರೆದುಕೊಂಡರು. ನನಗೆ ಆಸೆ ಹುಟ್ಟಿತು. ಇವರು ಕೇಳುತ್ತಿದ್ದಾರೆ ಅನಿಸಿತು.

ಆಮೇಲೆ ಅವರು ಕಂಬಳಿಯನ್ನು ತರಿಸಿದರು. ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದರು. ಒಂದು ಅಂಚು ಹರಿದಿತ್ತು. ಅವಳು ಚಹಾದ ಲೋಟವನ್ನು ಕೆಳಗಿಟ್ಟಳು.

"ಗೊಂಗಡಿ ಹಾಕಿಕೊಂಡರೆ ಮನುಷ್ಯ ಕಾಣುತ್ತಾನೋ ಇಲ್ಲವೋ, ಮಾತಿನಲ್ಲಿ ಬೇಡ, ನೋಡಿಯೇ ಬಿಡೋಣ," ಎಂದು ಅಧಿಕಾರಿ ತೆಲುಗಿನಲ್ಲಿ ಹೇಳಿದರು. ಅಲ್ಲಿ ಕಂಬಳಿಗೆ ಗೊಂಗಡಿ ಎನ್ನುತ್ತಾರೆ. ಬಾಗಿಲ ಬಳಿ ನಿಂತಿದ್ದ ಕಾವಲುಗಾರನನ್ನು ಕರೆದು, ಮಿಂಚುಪಟ್ಟಿಯ ಜಾಕೆಟ್ಟಿನ ಮೇಲೆ ಕಂಬಳಿ ಹೊದ್ದುಕೊಳ್ಳಲು ಹೇಳಿದರು.

ಕಾವಲುಗಾರ ನಡುವಯಸ್ಸಿನ ಕರಾವಳಿಯವನು. ಕಂಬಳಿಯನ್ನು ಟವೆಲಿನಂತೆ ಹೆಗಲಿಗೆ ಹಾಕಿಕೊಂಡ. ಜಾಕೆಟ್ಟಿನ ಪಟ್ಟಿಗಳು ಅರ್ಧಕ್ಕರ್ಧ ಕಾಣುತ್ತಿದ್ದವು. ತಲೆಯ ಮೇಲೆ ಎಳೆದುಕೊಂಡರೆ ಜಾರಿ ಕುತ್ತಿಗೆಗೆ ಬಿತ್ತು. ಮತ್ತೆ ಎಳೆದ, ಮತ್ತೆ ಬಿತ್ತು. ಮ್ಯಾನೇಜರು ನಕ್ಕ. ಅಧಿಕಾರಿಯ ಮುಖದಲ್ಲಿ ಗೊಂದಲ ಕಾಣಿಸಿತು. ಕಿವಿ ಬಯಲಾಗಿತ್ತು, ಪಟ್ಟಿ ಮಿಂಚುತ್ತಿತ್ತು. ನಾನು ಬಾಯಿ ತೆರೆಯುವುದರಲ್ಲಿದ್ದೆ. ನೋಡಿ, ಕಾಣುತ್ತಿದ್ದಾನಲ್ಲ ಎಂದು ಹೇಳುವುದಿತ್ತು.

ಅಷ್ಟರಲ್ಲಿ ಅವಳು ಎದ್ದಳು.

"ಹಂಗಲ್ಲಪ್ಪ," ಎಂದಳು. "ಹಂಗ ಹೊತ್ಕೊಂಡ್ರ ಎಲ್ಲಾ ನೀರು ಎದಿಗಿ ಬರ್ತೈತಿ. ತಾ ಇಲ್ಲಿ."

ಕಂಬಳಿಯನ್ನು ಅವನ ಹೆಗಲಿನಿಂದ ತೆಗೆದು ಒಮ್ಮೆ ಕೊಡವಿದಳು. ಉದ್ದಕ್ಕೆ ಮಡಿಸಿದಳು. ಮೂಲೆಯನ್ನು ಒಳಕ್ಕೆ ತೂರಿಸಿ, ಬೆರಳಿನಿಂದ ಒತ್ತಿ, ಕೊಪ್ಪೆ ಎಬ್ಬಿಸಿ ಅವನ ತಲೆಗಿಟ್ಟಳು. ಹರಿದ ಅಂಚನ್ನು ಕಾಣದಂತೆ ಒಳಗೆ ಸರಿಸಿದಳು. ಎರಡೂ ಕಡೆ ಕೆಳಕ್ಕೆ ಜಗ್ಗಿ ಸಮ ಮಾಡಿದಳು. ತಾನು ನೂತದ್ದನ್ನು ಒಬ್ಬ ಗೊತ್ತಿಲ್ಲದವನು ಹೇಗೆಂದರೆ ಹಾಗೆ ಹೊದ್ದು ನಗೆಪಾಟಲು ಮಾಡುವುದನ್ನು ಅವಳಿಂದ ನೋಡಲಾಗಲಿಲ್ಲ. ಅಷ್ಟೇ. ಬೇರೆ ಯಾವ ವಿಚಾರವೂ ಅವಳ ಮನಸ್ಸಿನಲ್ಲಿರಲಿಲ್ಲ.

ಕಾವಲುಗಾರ ಕಂಬಳಿಯೊಳಗೆ ಮಾಯವಾದ. ಒಂದು ಮಿಂಚುಪಟ್ಟಿಯೂ ಉಳಿಯಲಿಲ್ಲ. ಅಧಿಕಾರಿ ಅವನ ಬೆನ್ನ ಹಿಂದೆ ಹೋಗಿ ಅವನ ಹೆಸರು ಹಿಡಿದು ಮೆಲ್ಲಗೆ ಕರೆದರು. ಅವನು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಆಗಲೂ ತಿರುಗಲಿಲ್ಲ. ಮ್ಯಾನೇಜರು ಫೋನಿನಲ್ಲಿ ಫೋಟೊ ತೆಗೆದ. ಅವಳ ಕೈ ಇನ್ನೂ ಅಂಚನ್ನು ಸರಿಪಡಿಸುತ್ತಲೇ ಇತ್ತು.

"ಈಗ ಸರಿ ಆತು ನೋಡ್ರಿ," ಎಂದು ಅವಳು ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಿದ ಮೇಲೆ ಅವಳ ಕೈ ನಿಧಾನವಾಗಿ ಕೆಳಗಿಳಿಯಿತು. ಹೋಗಿ ಕುರ್ಚಿಯ ಅಂಚಿಗೆ ಕೂತಳು. ಆರಿದ ಚಹಾವನ್ನು ಯಾರೂ ತೆಗೆಯಲಿಲ್ಲ.

ನಾನು ಮಾತಾಡಿದೆ, ಮಾತಾಡದೆ ಇರಲಿಲ್ಲ. ಕಂಬಳಿ ಮುಚ್ಚಿದ್ದು ನಿಜ, ಆದರೆ ಅವನಿಗೆ ಅದನ್ನು ಹೊದ್ದುಕೊಳ್ಳುವ ಪರಿಸ್ಥಿತಿಯನ್ನು ತಂದವರು ಯಾರು ಎಂದು ಕೇಳಿದೆ. ಮಳೆಯಲ್ಲಿ ಮನುಷ್ಯನನ್ನು ಬಯಲಿಗೆ ನಿಲ್ಲಿಸಿದ ವ್ಯವಸ್ಥೆ ಕಾರಣವೇ ಹೊರತು ಅವನ ಹೆಗಲ ಮೇಲಿದ್ದ ಬಟ್ಟೆಯಲ್ಲ ಎಂದೆ. ಮಾತುಗಳು ಸರಿಯಾಗಿಯೇ ಇದ್ದವು. ಈಗಲೂ ಅವುಗಳಲ್ಲಿ ಒಂದನ್ನೂ ನಾನು ಬದಲಿಸುವುದಿಲ್ಲ. ಅಧಿಕಾರಿ ಅದೇ ಸಭ್ಯತೆಯಿಂದ ಕೇಳಿದರು. ಆದರೆ ಆ ಕೋಣೆಯಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ. ಚಪ್ಪರ ಇಲ್ಲದಿರುವುದನ್ನು ಚೀಲದಲ್ಲಿ ತಂದು ಮೇಜಿನ ಮೇಲೆ ಇಡಲಾಗುವುದಿಲ್ಲ.

ಕಂಬಳಿಯನ್ನು ಅವಳಿಗೆ ವಾಪಸು ಕೊಡಲಿಲ್ಲ, ತನಿಖೆ ಮುಗಿದ ಮೇಲೆ ಎಂದರು. ವಾಪಸು ಬರುವಾಗ ರೈಲಿನಲ್ಲಿ ಅವಳು ಸೆರಗಿನ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು. ಆಮೇಲೆ ಕೇಳಿದಳು:

"ನಾನು ಸುಮ್ನ ಕುಂದರಬೇಕಿತ್ತೇನ್ರಿ?"

"ನಿಮ್ಮ ತಪ್ಪೇನಿಲ್ಲ," ಎಂದೆ.

"ನೀವು ಎಲ್ಲರಿಗೂ ಹಂಗಽ ಅಂತೀರಿ. ಗಾಡಿ ಓಡಿಸಿದೋನಿಗೂ ಅಂದ್ರಿ."

ವರದಿ ಬಂತು. ನನ್ನ ಮನವಿಯ ಅಂಶಗಳನ್ನು 'ಪರಿಶೀಲನೆಗೆ ದಾಖಲಿಸಿಕೊಳ್ಳಲಾಗಿದೆ' ಎಂದು ಒಂದು ಸಾಲಿನಲ್ಲಿ ಸೇರಿಸಿದ್ದರು. ಕಾರಣ ಎಂಬ ಶೀರ್ಷಿಕೆಯ ಕೆಳಗೆ ಕಂಬಳಿಯೊಂದೇ ಇತ್ತು. ನಾನು ಮೇಲಿನವರಿಗೆ ಬರೆದೆ, ಅವರ ಮೇಲಿನವರಿಗೆ ಬರೆದೆ, ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದೆ. ನಮ್ಮ ವ್ಯಾಪ್ತಿಯಲ್ಲಿ ಬರುವುದಿಲ್ಲ ಎನ್ನುವ ಮಾತನ್ನು ತೆಲುಗಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಓದಿದೆ. ಹಾಗೆ ಅನ್ನುವವರಲ್ಲಿ ಒಬ್ಬರೂ ದುಷ್ಟರಾಗಿರಲಿಲ್ಲ. ದುಷ್ಟರಿದ್ದರೆ ಎದುರು ನಿಲ್ಲುವುದು ಹೇಗೆಂದು ನನಗೆ ಶಾಲೆಯಲ್ಲಿ ಕಲಿಸಿದ್ದರು. ಎಲ್ಲರೂ ತಲೆಯಾಡಿಸುವ ಕಡೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ಒಂದು ಕೆಲಸ ಮಾತ್ರ ಬೇಗ ಆಯಿತು. ಬಂದರಿನ ಗೇಟಿನಲ್ಲಿ ಬೋರ್ಡು ಬಂತು.

ಅದರ ಫೋಟೊ ಹಟ್ಟಿಗೆ ಬಂದದ್ದು ಅಲ್ಲಿಯೇ ಕೆಲಸಕ್ಕೆ ಉಳಿದಿದ್ದ ಒಬ್ಬನ ಫೋನಿನಿಂದ. ಕಂಬಳಿ ಒಳಗೆ ತರುವಂತಿಲ್ಲ ಎಂದು ಮೂರು ಭಾಷೆಗಳಲ್ಲಿ ಬರೆದಿತ್ತು. ಅದರಲ್ಲಿ ಕನ್ನಡವೂ ಒಂದು. ಆ ಬಂದರಿನಲ್ಲಿ ನಾನು ಕಂಡ ಮೊದಲ ಕನ್ನಡ ಅದು. ನಮ್ಮ ಕೂಲಿಯವರಿಗೆ ತಿಳಿಯುವ ಭಾಷೆಯಲ್ಲಿ ಸೂಚನೆಗಳನ್ನು ಬರೆಯಬೇಕೆಂದು ನಮ್ಮ ಮನವಿಯಲ್ಲಿ ಕೇಳಿದ್ದೆವು. ಅಕ್ಷರಗಳ ಮೇಲೆ ಚಿತ್ರವಿತ್ತು. ಕೊಪ್ಪೆ ಹಾಕಿದ ಕಾವಲುಗಾರ, ಅವನ ಮೇಲೆ ಕೆಂಪು ಗೀಟು. ಚಿತ್ರವನ್ನು ಒತ್ತಾಗಿ ಕತ್ತರಿಸಿದ್ದರೂ ಒಂದು ಮೂಲೆಯಲ್ಲಿ ಹಸಿರು ಬಳೆಗಳ ಒಂದು ಕೈ ಉಳಿದುಕೊಂಡಿತ್ತು. ಕಂಬಳಿಯ ಅಂಚನ್ನು ಹಿಡಿದು ಸರಿಪಡಿಸುತ್ತಿದ್ದ ಕೈ.

ಗೇಟಿನಲ್ಲಿ ಎಲ್ಲರ ಕಂಬಳಿಗಳನ್ನೂ ತೆಗೆದುಕೊಂಡು ಒಂದು ಕೋಣೆಗೆ ಹಾಕಿದರಂತೆ. ರೇನ್‌ಕೋಟು ಇನ್ನೂ ಬಂದಿರಲಿಲ್ಲ.

ಮಳೆಗಾಲದ ಹೊತ್ತಿಗೆ ನಾನು ಮತ್ತೆ ಹಟ್ಟಿಗೆ ಹೋದೆ. ಅವಳ ತಮ್ಮ ಬಂದರಿಗೆ ಹೊರಟಿದ್ದಾನೆ, ಸಾಧ್ಯವಾದರೆ ತಡೆಯಿರಿ ಎಂದು ಅವಳ ಗಂಡನೇ ಫೋನು ಮಾಡಿದ್ದ. ದಾರಿಯಲ್ಲಿ ತಡೆಯುವ ಮಾತುಗಳನ್ನು ಜೋಡಿಸಿಕೊಂಡೆ. ಅವನಿಗೆ ಇಲ್ಲಿ ಬೇರೆ ಯಾವ ಕೆಲಸ ತೋರಿಸಲಿ ಎಂಬಲ್ಲಿಗೆ ಬಂದು ಮಾತು ನಿಲ್ಲುತ್ತಿತ್ತು. ಡಿ. ಹಿರೇಹಾಳಿನ ಕಡೆಯವರು ಗಡಿ ದಾಟಿ ಬಳ್ಳಾರಿಗೆ ಹೋಗುತ್ತಾರೆ. ಅಲ್ಲಿಯೂ ಇದೇ ಧೂಳು, ಇದೇ ಮೇಸ್ತ್ರಿ.

ಅಂಗಳದಲ್ಲಿ ಅವಳು ಗೊಬ್ಬರದ ಬಿಳಿ ಚೀಲಗಳನ್ನು ತೊಳೆದು ಒಣಹಾಕಿದ್ದಳು. ಎರಡು ಚೀಲಗಳನ್ನು ಬಿಚ್ಚಿ, ಸೇರಿಸಿ, ದಬ್ಬಣದಿಂದ ಹೊಲಿಯುತ್ತಿದ್ದಳು. ಉಣ್ಣೆ ನೂಲುವ ರಾಟೆ ಎಲ್ಲಿಯೂ ಕಾಣಲಿಲ್ಲ.

"ಬರ್ರಿ ಅಕ್ಕಾರ, ಕುಂದರ್ರಿ," ಎಂದಳು. ಕೊನೆಯ ಹೊಲಿಗೆ ಹಾಕಿ, ದಾರವನ್ನು ಹಲ್ಲಿನಿಂದ ಕಡಿದು, ತಮ್ಮನನ್ನು ಕರೆದಳು. ಅವನು ಮದುವೆಯ ವಯಸ್ಸಿನ, ಎತ್ತರದ ಆಳು. ಬ್ಯಾಗು ಆಗಲೇ ಬಾಗಿಲಲ್ಲಿತ್ತು. ಅವಳು ಚೀಲವನ್ನು ಉದ್ದಕ್ಕೆ ಮಡಿಸಿ, ಮೂಲೆಯನ್ನು ಒಳಕ್ಕೆ ತೂರಿಸಿ, ಬೆರಳಿನಿಂದ ಒತ್ತಿ ಕೊಪ್ಪೆ ಮಾಡಿ ಅವನ ತಲೆಗೆ ಇಟ್ಟಳು. ಅದೇ ಕೈ, ಅದೇ ಮಡಿಕೆ.

"ಗೊಬ್ಬರದ ಅಂಗಡಿ ಹೊಂಟಂಗ ಐತಿ," ಎಂದು ಮಂಚದ ಮೇಲಿಂದ ಗಂಡ ನಕ್ಕ.

"ನಕ್ಕೋ ಮಾವ, ನಕ್ಕೋ. ಬೋರ್ಡಿನ್ಯಾಗ ಚೀಲ ತರಬ್ಯಾಡ ಅಂತ ಬರ್ದಿಲ್ಲ," ಎಂದ ತಮ್ಮ ಕೊಪ್ಪೆಯೊಳಗಿನಿಂದ.

"ಇದು ಬೆಳ್ಳಗೈತಿ," ಎಂದು ಅವಳು ನನಗೆ ಹೇಳಿದಳು. "ಕತ್ತಲಾದ್ರೂ ಕಾಣ್ತೈತಿ. ಅಲ್ರೀ? ಇದು ಕಾಣ್ತೈತಲ್ಲ?"

ನಾನು ಅವನ ಬೆನ್ನ ಹಿಂದೆ ಹೋಗಿ ನಿಂತೆ. ಮೆಲ್ಲಗೆ, "ತಮ್ಮಾ," ಎಂದು ಕರೆದೆ. ಅವನು ತಲೆಯಾಡಿಸಿದಾಗಲೆಲ್ಲ ಪ್ಲಾಸ್ಟಿಕ್ಕು ಕಿವಿಯ ಹತ್ತಿರ ಚರಚರ ಅನ್ನುತ್ತಿತ್ತು. ತಿರುಗಲಿಲ್ಲ. ಇನ್ನೊಮ್ಮೆ ಕರೆಯಲು ನನಗೆ ಧೈರ್ಯ ಬರಲಿಲ್ಲ. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು. ನನಗೆ ಗೊತ್ತಿದ್ದದ್ದನ್ನು ಹೇಳಿದರೆ ಅವಳು ಈ ಚೀಲವನ್ನೂ ಕಿತ್ತೆಸೆಯುತ್ತಿದ್ದಳು, ಅವನು ಬರಿ ಮೈಯಲ್ಲಿ ಮಳೆಗೆ ನಿಲ್ಲುತ್ತಿದ್ದ. ಹೇಳದಿದ್ದರೆ ಏನಾಗಬಹುದೆಂಬುದು ಮಂಚದ ಮೇಲೆ ಕೂತಿತ್ತು.

"ಕಾಣುತ್ತೆ," ಎಂದೆ.

ಅವಳು ಉಸಿರು ಬಿಟ್ಟು, ಚೀಲದ ಅಂಚನ್ನು ಎರಡೂ ಕಡೆ ಜಗ್ಗಿ ಸಮ ಮಾಡಿದಳು.

ಗಂಡ ಊರುಗೋಲು ಹಿಡಿದು ಎದ್ದು ನಿಂತ. ಈಗ ಅವನ ಮುಖದಲ್ಲಿ ನಗೆ ಇರಲಿಲ್ಲ.

"ಏ ಅಳಿಯಾ, ಇಲ್ಲಿ ಕೇಳು," ಎಂದು ಗಟ್ಟಿಯಾಗಿ ಹೇಳಿದ. "ಅಲ್ಲಿ ಗಾಳಿ ಬರೋ ಕಡಿಂದಾನ ಗಾಡೀನೂ ಬರ್ತೈತಿ. ಮಳಿ ಬಂದ್ರ ಅದಕ್ಕ ಮಾರಿ ಕೊಟ್ಟು ನಿಲ್ಲು. ತೊಯ್ದ್ರ ತೊಯ್ಲಿ."

"ಹೂಂ ಮಾವ," ಎಂದ ತಮ್ಮ. "ತಿಳೀತು."

ಬೇಲಿಯಾಚೆಯ ಬೀಳಿನಿಂದ ಧೂಳಿನ ಜೊತೆ ಗಾಳಿ ಎದ್ದು ಬಂತು. ಕುರಿದೊಡ್ಡಿಯಲ್ಲಿದ್ದ ಕುರಿಗಳು ಅದಕ್ಕೆ ಬೆನ್ನು ಹಾಕಿ ತಲೆ ತಗ್ಗಿಸಿದವು. ಅಂಗಳದ ನಡುವೆ ನಿಂತಿದ್ದ ಅವನೂ, ಮಾವನ ಮಾತಿಗೆ ಇನ್ನೂ ತಲೆಯಾಡಿಸುತ್ತಲೇ, ಚೀಲದ ಕೊಪ್ಪೆಯನ್ನು ಮುಂದಕ್ಕೆಳೆದುಕೊಂಡು ಗಾಳಿಗೆ ಬೆನ್ನು ಕೊಟ್ಟು ತಿರುಗಿ ನಿಂತ.